ಹೆಸರಾಂತರ ಹೆಸರಿನಲ್ಲಿ

'ಮನೆಯಲ್ಲೇ ಕೂತು ಬರೆಯಿರಿ, ಹಣ ಗಳಿಸಿ' ಎಂಬ ಸಂದೇಶ ಮೊಬೈಲಿಗೆ ಬಂದಾಗಲೆಲ್ಲ ನನಗೆ ಅಮೆರಿಕದ ಫೇಮಸ್ ರೈಟರ್ಸ್ ಸ್ಕೂಲ್ ನೆನಪಾಗುತ್ತದೆ. 1961ರಲ್ಲಿ ಶುರುವಾದ ಈ ಅಂಚೆ ಶಾಲೆಯ ಜಾಹೀರಾತುಗಳಲ್ಲಿ ರ್‍ಯಾಂಡಮ್ ಹೌಸ್‌ನ ಬೆನೆಟ್ ಸರ್ಫ್‌ರಂಥ ದೊಡ್ಡವರಿದ್ದರು. ಮೊದಲು ಪ್ರತಿಭಾ ಪರೀಕ್ಷೆ. ಲೇಖಕ ರಾಬರ್ಟ್ ಬರ್ನ್ ಬೇಕೆಂದೇ ತೀರಾ ಕೆಟ್ಟದಾಗಿ ಬರೆದು ಕಳಿಸಿದರೂ ಪಾಸು! ಬರೆಯುವ ಆಸೆಯವರನ್ನು ಹೊಗಳಿದರೆ ಜೇಬು ತಾನಾಗಿ ತೆರೆಯುತ್ತದೆಂದು ಅವರಿಗೆ ಗೊತ್ತಿತ್ತು. ಆಮೇಲೆ ಮನೆಗೇ ಸೇಲ್ಸ್‌ಮನ್. ಒಟ್ಟಿಗೆ ಕಟ್ಟಿದರೆ 785 ಡಾಲರ್, ಕಂತಿನಲ್ಲಾದರೆ 900.

1970ರ ಜುಲೈನಲ್ಲಿ ಜೆಸಿಕಾ ಮಿಟ್‌ಫರ್ಡ್ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಇದನ್ನೆಲ್ಲ ಬಯಲಿಗೆಳೆದರು. ಜಾಹೀರಾತಿನ ಆ ಹೆಸರಾಂತರು ವಿದ್ಯಾರ್ಥಿಗಳ ಬರಹ ತಿದ್ದುತ್ತಲೇ ಇರಲಿಲ್ಲ. ಪಾಠ ಅರ್ಧಕ್ಕೆ ಬಿಟ್ಟವರೇ ಹೆಚ್ಚು, ಲಾಭವೂ ಅವರಿಂದಲೇ. ಶಾಲೆಯಲ್ಲಿ ಕಲಿತವರ ಎಷ್ಟು ಪುಸ್ತಕ ನೀವು ಪ್ರಕಟಿಸಿದ್ದೀರಿ ಎಂದು ಕೇಳಿದ್ದಕ್ಕೆ, ಆಕೆ ತಮಾಷೆ ಮಾಡುತ್ತಿರಬೇಕು ಎಂದರಂತೆ ಸರ್ಫ್. ಒಂದೆರಡು ವರ್ಷಗಳಲ್ಲಿ ಸಂಸ್ಥೆ ದಿವಾಳಿಯಾಯಿತು.