ಕೃಷ್ಣರಂಧ್ರದ ನಾದ ಮತ್ತು ಒಂದು ಸಾಲಿನ ಉಲ್ಲೇಖ

1938ನೆಯ ಇಸವಿಯ ಜುಲೈ 19ರಂದು ನಮ್ಮ ಈ ಕೊಲ್ಲಾಪುರದಲ್ಲಿ ಜಯಂತ ವಿಷ್ಣು ನಾರಳೀಕರರು ಜನಿಸಿದರು. ಅದೇ ವರ್ಷದ ಮಾರ್ಚ್ 6ರಂದು ಬೆಂಗಳೂರಿನಲ್ಲಿ ಸಿ. ವಿ. ವಿಶ್ವೇಶ್ವರರು ಜನಿಸಿದ್ದರು. ಇಬ್ಬರೂ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನೇ ಬಾಳಿನ ವ್ಯಾಸಂಗವಾಗಿ ಆರಿಸಿಕೊಂಡವರು. ಮೊದಲನೆಯವರ ಹೆಸರನ್ನು ಈ ಪ್ರಾಂತದಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಎರಡನೆಯವರ ಹೆಸರು ಮಾತ್ರ ಕನ್ನಡಿಗರಾದ ನಮ್ಮಲ್ಲಿಯೇ ಅನೇಕರಿಗೆ ಅಪರಿಚಿತವಾಗಿ ಉಳಿದಿದೆ. ಆ ಕೊರತೆಯನ್ನು ಕೊಂಚವಾದರೂ ನೀಗುವುದು ಈ ಲೇಖನದ ಉದ್ದೇಶ.

ವಿಶ್ವೇಶ್ವರರ ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಗಣ್ಯ ಗದ್ಯಕಾರರು. 1947ರಲ್ಲಿ ಹರಪನಹಳ್ಳಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅಂಥ ಸಾಹಿತ್ಯದ ಮನೆಯಲ್ಲಿ ಬೆಳೆದ ಮಗನು ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದು, ಅಮೆರಿಕೆಗೆ ತೆರಳಿ, ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ಮೇರಿಲ್ಯಾಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ವಿದ್ವಾಂಸರ ಶಿಷ್ಯನಾದನು. ಗುರುವು ಶಿಷ್ಯನ ಮುಂದಿಟ್ಟ ಪ್ರಶ್ನೆ ಕೇಳುವುದಕ್ಕೆ ಸರಳವಾದದ್ದು: ಕೃಷ್ಣರಂಧ್ರವನ್ನು ಅಲುಗಿಸಿದರೆ ಅದು ಉಳಿಯುವುದೆ, ಒಡೆಯುವುದೆ?

ಆ ಪ್ರಶ್ನೆಯ ಹಿನ್ನೆಲೆಯನ್ನು ವಾಚಕರು ತುಸು ಅರಿಯಬೇಕು. 1916ರಲ್ಲಿ ಕಾರ್ಲ್ ಶ್ವಾರ್ಟ್ಸ್‌ಶೀಲ್ಡ್ ಎಂಬ ಜರ್ಮನ್ ಪಂಡಿತರು ಐನ್‌ಸ್ಟೈನರ ಸಮೀಕರಣಗಳಿಂದ ಒಂದು ಉತ್ತರವನ್ನು ಕಂಡುಹಿಡಿದರು. ಬೆಳಕು ಕೂಡ ಹೊರಗೆ ಬಾರದ ಒಂದು ಎಲ್ಲೆ ಅದರಲ್ಲಿ ಅಡಗಿತ್ತು. ಅರ್ಧಶತಮಾನದವರೆಗೆ ಅದು ಕಾಗದದ ಮೇಲಿನ ವಸ್ತುವಾಗಿಯೇ ಉಳಿಯಿತು. ‘ಕೃಷ್ಣರಂಧ್ರ’ ಎಂದು ನಾವು ಕನ್ನಡಿಸಿಕೊಂಡಿರುವ ಹೆಸರು ಪ್ರಚಾರಕ್ಕೆ ಬಂದದ್ದೇ 1967ರ ನಂತರ. ಮೊನೆಯ ಮೇಲೆ ನಿಲ್ಲಿಸಿದ ಬುಗುರಿಯಂತೆ ಅದು ಅಲ್ಪ ಚಲನೆಗೇ ಉರುಳುವುದಾದರೆ, ಅಂಥ ವಸ್ತು ನಿಸರ್ಗದಲ್ಲಿ ಇರಲಾರದು. ರೆಜಿ ಮತ್ತು ವೀಲರ್ ಎಂಬ ಇಬ್ಬರು 1957ರಲ್ಲಿ ಈ ವಿಚಾರಣೆಯನ್ನು ತೊಡಗಿದ್ದರು. ಸುತ್ತದೆ ಇರುವ ಕೃಷ್ಣರಂಧ್ರವು ಅಲುಗಿದರೂ ಅಳಿಯದೆ ಮತ್ತೆ ಶಾಂತವಾಗುವುದೆಂದು ವಿಶ್ವೇಶ್ವರರು ತಮ್ಮ ಪ್ರಬಂಧದಲ್ಲಿ ತೋರಿಸಿದರು. ಆ ಪ್ರಬಂಧಕ್ಕೆ 1968ರಲ್ಲಿ ಡಾಕ್ಟರೇಟ್ ದೊರೆಯಿತು. ಅದರ ಸಾರವು 1970ರಲ್ಲಿ ಪ್ರಕಟವಾಯಿತು.

ಉಳಿಯುವುದು ನಿಜವಾದರೆ, ಕಾಣದ ವಸ್ತುವಿನ ಇರವನ್ನು ಅರಿಯುವ ಬಗೆ ಯಾವುದು? ಇದು ಅವರ ಎರಡನೆಯ ಪ್ರಶ್ನೆ. ರಂಕಾಳ ಕೆರೆಯ ದಂಡೆಯಲ್ಲಿ ನಿಂತವರು ನೋಡಿರಬಹುದು: ನೀರಿನಿಂದ ತಲೆಯೆತ್ತಿದ ಒಂದು ಸಣ್ಣ ಗೂಟವನ್ನು ಅಗಲವಾದ ಅಲೆಯು ಗಮನಿಸದೆಯೇ ದಾಟಿಹೋಗುತ್ತದೆ, ಕಿರಿಯ ಅಲೆಯು ಅದಕ್ಕೆ ತಾಗಿ ಚದುರುತ್ತದೆ. ವಿಶ್ವೇಶ್ವರರು ಗಣಕಯಂತ್ರದ ಲೆಕ್ಕದಲ್ಲಿ ಗುರುತ್ವದ ಅಲೆಗಳನ್ನು ಕೃಷ್ಣರಂಧ್ರದ ಮೇಲೆ ಹಾಯಿಸಿದರು. ಅಗಲವಾದ ಅಲೆಗಳಿಂದ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದುಮಾಡುತ್ತ ಬಂದಂತೆ, ಹೊರಳಿ ಬಂದ ಅಲೆಯ ಬೆನ್ನಿಗೆ ಒಂದು ಕಂಪನವು ಕಾಣಿಸಿಕೊಂಡು ಬೇಗನೆ ಅಡಗಿತು. ಮಹಾಲಕ್ಷ್ಮಿಯ ಗುಡಿಯ ಗಂಟೆಯನ್ನು ಬಾಲಕನು ಬಾರಿಸಲಿ, ಮುದುಕನು ಬಾರಿಸಲಿ, ಅದರ ಸ್ವರವು ಗಂಟೆಯದೇ ಹೊರತು ಕೈಯದಲ್ಲ. ಹಾಗೆಯೇ ಈ ಕಂಪನದ ಸ್ವರವೂ ಅದು ಅಡಗುವ ಕಾಲವೂ ಆ ರಂಧ್ರದ ದ್ರವ್ಯರಾಶಿಯನ್ನು ಅವಲಂಬಿಸಿವೆ. ಅದು ಸುತ್ತುತ್ತಿದ್ದರೆ ಆ ಸುತ್ತನ್ನೂ ತಿಳಿಸುತ್ತವೆ. 1970ರಲ್ಲಿ ‘ನೇಚರ್’ ಪತ್ರಿಕೆಯ ಕೆಲವೇ ಪುಟಗಳಲ್ಲಿ ಈ ಸಂಗತಿ ಅಚ್ಚಾಯಿತು. ಆಗ ಅವರಿಗೆ ಮೂವತ್ತೆರಡು ವರ್ಷ ವಯಸ್ಸು.

ಮರುವರ್ಷವೇ ವಿಲಿಯಂ ಪ್ರೆಸ್ ಎಂಬವರು ಈ ಕಂಪನವನ್ನು ಇನ್ನಷ್ಟು ವಿಚಾರಿಸಿದರು. 1975ರಲ್ಲಿ ನಮ್ಮ ಚಂದ್ರಶೇಖರರು ಡೆಟ್‌ವೈಲರರೊಡನೆ ಅದರ ಲೆಕ್ಕವನ್ನು ಬೆಳೆಸಿದರು. ಹೀಗೆ ಪಂಡಿತವಲಯದಲ್ಲಿ ಬೀಜವು ಮರವಾಯಿತು. ಆದರೆ ಆ ನಾದವನ್ನು ಕೇಳಿದವರು ಒಬ್ಬರೂ ಇರಲಿಲ್ಲ. ವಿಶ್ವೇಶ್ವರರು 1976ರಲ್ಲಿ ಸ್ವದೇಶಕ್ಕೆ ಮರಳಿ, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿಯೂ, 1992ರಿಂದ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ದುಡಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಸ್ಥಾಪಕ ನಿರ್ದೇಶಕರಾಗಿ, ಆಕಾಶದ ಕಥೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಮಕ್ಕಳ ಮುಂದೆ ಬಿಚ್ಚಿಟ್ಟರು. ತಂದೆಯ ಸಾಹಿತ್ಯವು ಮಗನಲ್ಲಿ ಈ ಬಗೆಯಲ್ಲಿ ಫಲಿಸಿತೆಂದು ನನ್ನ ಭಾವನೆ.

2015ರ ಸೆಪ್ಟೆಂಬರ್ 14ರಂದು, ನಾಲ್ಕು ನಾಲ್ಕು ಕಿಲೋಮೀಟರು ಉದ್ದದ ತೋಳುಗಳುಳ್ಳ ಅಮೆರಿಕೆಯ ಎರಡು ಲೈಗೋ ಯಂತ್ರಗಳು ಗುರುತ್ವ ತರಂಗವೊಂದನ್ನು ಮೊದಲ ಬಾರಿಗೆ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಒಂದು 36, ಇನ್ನೊಂದು 29 ಸೂರ್ಯರಷ್ಟು ತೂಕದ ಎರಡು ಕೃಷ್ಣರಂಧ್ರಗಳು ಕೂಡಿ, 62 ಸೂರ್ಯರಷ್ಟು ತೂಕದ ಒಂದಾಗಿದ್ದವು; ಉಳಿದ ಮೂರು ಸೂರ್ಯರಷ್ಟು ದ್ರವ್ಯವು ತರಂಗವಾಗಿ ಹರಿದುಹೋಗಿತ್ತು. ಕೂಡಿದ ಮೇಲಿನ ಕ್ಷಣದಲ್ಲಿ, ಸೆಕೆಂಡಿಗೆ ಸುಮಾರು 250 ಆವೃತ್ತಿಯ ಕಂಪನವೊಂದು ಸೆಕೆಂಡಿನ ಕೆಲವೇ ಸಾವಿರದಂಶಗಳಲ್ಲಿ ಕುಂದಿ ಅಡಗಿತು. ನಾಲ್ವತ್ತೈದು ವರ್ಷಗಳ ಹಿಂದೆ ಕಾಗದದ ಮೇಲೆ ಕಂಡ ಬಗೆಯ ನಾದವೇ ಅದು.

2016ರ ಫೆಬ್ರುವರಿ 11ರಂದು ಆ ಶೋಧವನ್ನು ಸಾರಿದ ಪ್ರಬಂಧಕ್ಕೆ ಸಾವಿರಕ್ಕೂ ಮಿಕ್ಕಿದ ಕರ್ತೃಗಳು. ಅದರ ಪೀಠಿಕೆಯಲ್ಲಿ, 1970ರ ದಶಕದ ಸಿದ್ಧಾಂತಕಾರ್ಯವನ್ನು ನೆನೆಯುವ ವಾಕ್ಯದ ಆಧಾರವಾಗಿ, ವಿಶ್ವೇಶ್ವರರ ‘ನೇಚರ್’ ಲೇಖನದ ಉಲ್ಲೇಖವಿದೆ. ಪ್ರೆಸ್ಸರದೂ ಚಂದ್ರಶೇಖರ ಮತ್ತು ಡೆಟ್‌ವೈಲರರದೂ ಅದರ ಜೊತೆಗಿವೆ. ಒಂದೇ ಒಂದು ಸಾಲು.

ಈ ಒಂದು ಸಾಲಿನ ಬೆಲೆ ಎಷ್ಟು? ಅಮೆರಿಕೆಯ ಯೂಜೀನ್ ಗಾರ್ಫೀಲ್ಡರು 1964ರಲ್ಲಿ ವಿಜ್ಞಾನದ ಉಲ್ಲೇಖಸೂಚಿಯನ್ನು ಪ್ರಕಟಿಸಲಾರಂಭಿಸಿದರು. ಯಾರ ಲೇಖನವನ್ನು ಯಾರು ನೆನೆದರೆಂದು ತಿಳಿಸುವ ಆ ಗ್ರಂಥವು ವಿದ್ವಾಂಸರಿಗೆ ಉಪಕಾರಕವೇ ಸರಿ. ಋಣವನ್ನು ಬರೆದಿಡುವುದು ಸಜ್ಜನಿಕೆ. ಆದರೆ ದಿನಗಳೆದಂತೆ ಸೂಚಿಯು ತಕ್ಕಡಿಯಾಯಿತು. ಎಷ್ಟು ಮಂದಿ ಉಲ್ಲೇಖಿಸಿದರು ಎಂಬ ಎಣಿಕೆಯಿಂದಲೇ ಕೆಲಸವೂ ಬಡ್ತಿಯೂ ನಿರ್ಣಯವಾಗುವ ಕಾಲ ಬಂದಿದೆ. ಈ ತಕ್ಕಡಿಯ ವಿಚಿತ್ರವನ್ನು ನೋಡಿರಿ. ಲೈಗೋ ಪ್ರಬಂಧವನ್ನು ಯಾರಾದರೂ ನೆನೆದಾಗ ಅದು ಸಾವಿರ ಮಂದಿಯಲ್ಲಿ ಒಬ್ಬೊಬ್ಬರ ಲೆಕ್ಕಕ್ಕೂ ಪೂರ್ತಿ ಒಂದಾಗಿ ಸೇರುತ್ತದೆ. ಆ ಪ್ರಬಂಧವು ವಿಶ್ವೇಶ್ವರರನ್ನು ನೆನೆದದ್ದೂ ಒಂದೇ. ನಾಳೆ ಯಾರೋ ವಾಡಿಕೆಗಾಗಿ ನೆನೆದರೆ ಅದೂ ಒಂದೇ. ಅಂಕಿಯು ಎಣಿಸಬಲ್ಲದು, ತೂಗಲಾರದು. ತೂಗಬೇಕಾದರೆ ಓದಬೇಕು, ಬೇರೆ ಹಾದಿಯಿಲ್ಲ.

ನಮ್ಮವರ ಋಣ ಇಷ್ಟಕ್ಕೇ ಮುಗಿಯುವುದಿಲ್ಲ. ಅದೇ ಪೀಠಿಕೆಯು ರಾಮನ್ ಸಂಸ್ಥೆಯಲ್ಲಿ ದುಡಿದ ಬಾಲಾ ಅಯ್ಯರರು ಇತರರೊಡನೆ 1995ರಲ್ಲಿ ಬರೆದ ಲೇಖನವನ್ನೂ ನೆನೆದಿದೆ. ಕೊಲ್ಲಾಪುರದ ಕುವರ ನಾರಳೀಕರರು 1988ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಅಂತರ ವಿಶ್ವವಿದ್ಯಾನಿಲಯ ಖಗೋಳ ಕೇಂದ್ರದಲ್ಲಿ, ಸಂಜೀವ ಧುರಂಧರರೂ ಬೆಂಗಳೂರಿನಲ್ಲಿ ಕಲಿತ ಬಿ. ಎಸ್. ಸತ್ಯಪ್ರಕಾಶರೂ ಸದ್ದಿನ ನಡುವಿನಿಂದ ತರಂಗವನ್ನು ಸೋಸಿ ತೆಗೆಯುವ ವಿಧಾನವನ್ನು 1991ರಲ್ಲಿಯೇ ಬರೆದರು. ಮರಾಠಿ, ಕನ್ನಡ ಎಂಬ ಗಡಿ ಈ ದುಡಿಮೆಗೆ ಅಡ್ಡ ಬರಲಿಲ್ಲ. ಭಾರತದ ಲೈಗೋ ಯಂತ್ರಕ್ಕೆ ಇದೇ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ನೆಲ ಗೊತ್ತಾಗಿದ್ದು, 2023ರ ಏಪ್ರಿಲಿನಲ್ಲಿ ಕೇಂದ್ರ ಮಂತ್ರಿಮಂಡಲವು 2,600 ಕೋಟಿ ರೂಪಾಯಿಗಳಿಗೆ ಒಪ್ಪಿಗೆಯಿತ್ತಿತು.

ವಿಶ್ವೇಶ್ವರರು ತಾವು ಲೆಕ್ಕದಲ್ಲಿ ಕೇಳಿದ ನಾದವನ್ನು ಲೋಕವು ಕೇಳಿದ ಸುದ್ದಿಯನ್ನು ಕಂಡು, 2017ರ ಜನವರಿ 16ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ನಾರಳೀಕರರು 2025ರ ಮೇ 20ರಂದು ಪುಣೆಯಲ್ಲಿ ಅಗಲಿದರು. ಅದೇ ವರ್ಷದ ಜನವರಿ 14ರಂದು ದೊರೆತ, ಹಿಂದಿನವೆಲ್ಲಕ್ಕಿಂತ ಸ್ಪಷ್ಟವಾದ ತರಂಗದಲ್ಲಿ, ವಿದ್ವಾಂಸರು ಕೃಷ್ಣರಂಧ್ರದ ಒಂದಲ್ಲ, ಎರಡು ಸ್ವರಗಳನ್ನು ಗುರುತಿಸಿದರು. ಗಂಟೆಯ ಶಿಲ್ಪಿಗಳು ಹೋದರೂ ನಾದವು ತಿಳಿಯಾಗುತ್ತಲೇ ಇದೆ.

ಗಡಹಿಂಗ್ಲಜದಲ್ಲಿಯೋ ಇಚಲಕರಂಜಿಯ ಮಗ್ಗಗಳ ಸದ್ದಿನ ನಡುವೆಯೋ ಕುಳಿತು ಲೆಕ್ಕ ಬಿಡಿಸುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಈ ಚರಿತ್ರೆಯಿಂದ ಹೇಳಬೇಕಾದ ಮಾತು ಒಂದೇ. ಎಷ್ಟು ಮಂದಿ ನಿಮ್ಮನ್ನು ನೆನೆದಾರೆಂದು ಎಣಿಸುತ್ತ ಪ್ರಶ್ನೆಯನ್ನು ಆರಿಸಬೇಡಿರಿ. ಪ್ರಶ್ನೆ ನಿಜವಾದದ್ದಾಗಿರಲಿ, ಉತ್ತರ ಪ್ರಾಮಾಣಿಕವಾಗಿರಲಿ. ನೆನೆಯುವ ಸಾಲು ನಾಲ್ವತ್ತಾರು ವರ್ಷ ತಡವಾಗಿ ಬಂದರೂ ಬಂದೀತು.