ಲಾಗರಿದಮ್ ಕೋಷ್ಟಕದಿಂದ ಕ್ಯಾಲ್ಕುಲೇಟರಿನವರೆಗೆ

ನಾನು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಯಲ್ಲಿ ಕೈಗೆ ಸಿಗುತ್ತಿದ್ದ ಏಕೈಕ ಸಹಾಯವೆಂದರೆ ಲಾಗರಿದಮ್ ಕೋಷ್ಟಕ. 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಪ್ರಕಟಿಸಿದ ಆ ಉಪಾಯವು ಗುಣಾಕಾರವನ್ನು ಸಂಕಲನದ ಮಟ್ಟಕ್ಕೆ ಇಳಿಸಿತು. ಮುನ್ನೂರೈವತ್ತು ವರ್ಷಗಳಿಗೂ ಮೀರಿದ ಅದರ ಆಳ್ವಿಕೆಯನ್ನು ಅಲುಗಿಸಿದ್ದು 1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಹೊರತಂದ ಎಚ್‌ಪಿ-35. ಮೂವತ್ತೈದು ಕೀಲಿಗಳಿದ್ದುದರಿಂದ ಆ ಹೆಸರು. ಬೆಲೆ 395 ಡಾಲರ್. 1985ರಲ್ಲಿ ಬಂದ ಕ್ಯಾಸಿಯೊ ಎಫ್‌ಎಕ್ಸ್-7000ಜಿ, ಪರದೆಯ ಮೇಲೆ ನಕ್ಷೆಯನ್ನೇ ಬಿಡಿಸಿ ತೋರಿಸಿತು.

ಈ ಯಂತ್ರ ಪರೀಕ್ಷಾ ಕೊಠಡಿಯನ್ನು ಪ್ರವೇಶಿಸಿದ ಕಥೆ ಮಾತ್ರ ಸರಳವಲ್ಲ. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳು ಬರೆಯುವ ಎ.ಪಿ. ಕಲನಶಾಸ್ತ್ರ ಪರೀಕ್ಷೆಯಲ್ಲಿ 1983 ಮತ್ತು 1984ರಲ್ಲಿ ಕ್ಯಾಲ್ಕುಲೇಟರಿಗೆ ಅನುಮತಿ ದೊರೆಯಿತು. ಅದನ್ನು ಕೊಳ್ಳಲಾಗದ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಎದ್ದು, 1985ರಲ್ಲಿ ಅನುಮತಿ ರದ್ದಾಯಿತು. (ಈ ಹಿಂಜರಿಕೆ ನನಗಂತೂ ಗೌರವಾರ್ಹವೆನಿಸುತ್ತದೆ.) 1993ರಲ್ಲಿ ವೈಜ್ಞಾನಿಕ ಕ್ಯಾಲ್ಕುಲೇಟರ್, 1995ರಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕಡ್ಡಾಯವಾದವು. ಇಂದಿಗೂ ಅಲ್ಲಿನ ಹೆಚ್ಚಿನ ಪ್ರಶ್ನೆಗಳನ್ನು ಯಂತ್ರವಿಲ್ಲದೆಯೇ ಬಿಡಿಸಬೇಕು. ಯಂತ್ರ ಬಳಸುವ ಕಡೆಯೂ ಸಮಾಕಲವನ್ನು ಮೊದಲು ಗಣಿತದ ಭಾಷೆಯಲ್ಲಿ ಬರೆದು ತೋರಿಸಬೇಕು. ಉತ್ತರ ಮೂರು ದಶಮಾಂಶ ಸ್ಥಾನಗಳವರೆಗೆ ಸರಿಯಿರಬೇಕು. ನಡುವಿನ ಹಂತದಲ್ಲೇ ಸಂಖ್ಯೆಯನ್ನು ಮೊಟಕುಗೊಳಿಸಿದವನ ಮೂರನೆಯ ಸ್ಥಾನ ತಪ್ಪಬಹುದು. ಆದ್ದರಿಂದ ಆ ಸಂಖ್ಯೆಯನ್ನು ಯಂತ್ರದ ಸ್ಮೃತಿಯಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಡಿಗ್ರಿಯೋ ರೇಡಿಯನ್ನೋ ಎಂಬುದನ್ನು. ಇದನ್ನು ನಾನು ಕಲಿತ ಬಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತ್ರಿಕೋನಮಿತಿಯ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗ ಅಣ್ಣನ ಕ್ಯಾಲ್ಕುಲೇಟರ್ ತಂದು, "ಸಾರ್, ಸೈನ್ 30 ಅರ್ಧ ಅಲ್ಲ, ಮೈನಸ್ 0.988 ಅಂತ ಬರ್ತಿದೆ" ಎಂದ. ನಾನು ಯಂತ್ರವನ್ನು ಹಿಡಿದೂ ನೋಡದೆ, "ಕೆಟ್ಟ ಡಬ್ಬಿ ತಂದು ಪಾಠ ಕೆಡಿಸಬೇಡ" ಎಂದು ಗದರಿದೆ. ತರಗತಿಯೆಲ್ಲ ನಕ್ಕಿತು. ಆ ವರ್ಷ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕೆಲವು ತಿಂಗಳ ನಂತರ, ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ತಮ್ಮ ಯಂತ್ರದ ಪರದೆಯಲ್ಲಿ 'ರ‍್ಯಾಡ್' ಎಂಬ ಪುಟ್ಟ ಅಕ್ಷರಗಳನ್ನು ತೋರಿಸಿದರು. ಅದು 30 ಡಿಗ್ರಿಯ ಬದಲು 30 ರೇಡಿಯನ್ನಿನ ಸೈನ್ ಬೆಲೆಯನ್ನು ಕೊಟ್ಟಿತ್ತು. ಕೊಟ್ಟದ್ದು ಸರಿಯಾಗಿಯೇ ಇತ್ತು. ಮರುದಿನ ತರಗತಿಯಲ್ಲಿ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ.

ಅವನು ಇದನ್ನು ಓದುತ್ತಿದ್ದರೆ: ನಿನ್ನ ಅಣ್ಣನ ಯಂತ್ರ ಕೆಟ್ಟಿರಲಿಲ್ಲ, ಮಗು.