ಶೀತದಲ್ಲಿ ಕಾಂಕ್ರೀಟಿನ ಪಕ್ವತೆ

ಕಾಂಕ್ರೀಟಿನ ವಯಸ್ಸನ್ನು ದಿನಗಳಿಂದ ಎಣಿಸುವುದು ಕಟ್ಟಡದ ಕೆಲಸದಲ್ಲಿ ಬಹುಕಾಲದ ರೂಢಿ. ಇಷ್ಟು ದಿನಗಳಾದುವು, ಇನ್ನು ಸೆಂಟ್ರಿಂಗನ್ನು ಬಿಚ್ಚಬಹುದು ಎಂಬ ಲೆಕ್ಕವು ಬೆಚ್ಚನೆಯ ಹವೆಯಲ್ಲಿ ಸಾಮಾನ್ಯವಾಗಿ ಮೋಸಮಾಡದು. ಶೀತಪ್ರದೇಶಗಳಲ್ಲಿ ಅದು ಪ್ರಾಣಾಂತಿಕವಾಗಿ ಪರಿಣಮಿಸಿದುದುಂಟು. ಸಿಮೆಂಟು ಬಲಿಯುವುದು ಒಣಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಸಂಯೋಗದಿಂದ. ಆ ಸಂಯೋಗವು ಶಾಖವನ್ನನುಸರಿಸಿ ಶೀಘ್ರವೂ ಮಂದವೂ ಆಗುವುದು.

ಶೀತದೇಶಗಳ ಇಂಜನಿಯರುಗಳು ಮೊದಲು ಅಂಜಿದುದು ಹಿಮಕ್ಕೆ. ನೀರು ಹಿಮಗಟ್ಟುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುವುದರಿಂದ ಹಸಿ ಕಾಂಕ್ರೀಟಿನ ಒಡಲು ಒಳಗಿನಿಂದಲೇ ಸಡಿಲುವುದು. ಆದಕಾರಣ ನೀರನ್ನೂ ಮರಳುಜಲ್ಲಿಗಳನ್ನೂ ಕಾಯಿಸಿ ಬೆರೆಸುವುದು, ಹಿಮ ಹಿಡಿದ ನೆಲದ ಮೇಲೆ ಸುರಿಯದಿರುವುದು, ಸುರಿದುದರ ಮೇಲೆ ಹುಲ್ಲನ್ನೋ ಕಂಬಳಿಯನ್ನೋ ಹೊದಿಸುವುದು, ಸುತ್ತಲೂ ಟಾರ್ಪಾಲು ಕಟ್ಟಿ ಒಳಗೆ ಬೆಂಕಿಯಿಡುವುದು ಮುಂತಾದ ಉಪಾಯಗಳು ಬಳಕೆಗೆ ಬಂದುವು. (ಹೊಗೆಗೆ ದಾರಿಯಿಲ್ಲದ ಬೆಂಕಿಯಿಂದ ಕಾಂಕ್ರೀಟಿನ ಮೇಲ್ಮೈ ಹುಡಿಹುಡಿಯಾಗುವುದು ಬೇರೊಂದು ಕಷ್ಟ.) ಚದರ ಅಂಗುಲಕ್ಕೆ ಸುಮಾರು 500 ಪೌಂಡು ತಾಳುವ ಬಲ ಬಂದಮೇಲೆ ಒಮ್ಮೆ ಹಿಮಗಟ್ಟಿದರೂ ಕೇಡಿಲ್ಲವೆಂಬುದೂ ತಿಳಿದುಬಂದಿತು. ಆದರೆ ಹಿಮವನ್ನು ತಾಳುವ ಬಲವೇ ಬೇರೆ, ಹೊರೆಯನ್ನು ಹೊರುವ ಬಲವೇ ಬೇರೆ.

ಈ ಎರಡನೆಯ ಬಲವನ್ನು ಅಳೆಯುವ ಮಾರ್ಗವು ಸೋಜಿಗವೆಂಬಂತೆ ಶಾಖದ ಕಡೆಯಿಂದ ದೊರೆಯಿತು. 1949ರಲ್ಲಿ ಬ್ರಿಟನ್ನಿನ ನರ್ಸ್ ಮತ್ತು ಮ್ಯಾಕಿಂಟಾಷ್ ಎಂಬುವರು ಹಬೆಯಿಂದಲೂ ವಿದ್ಯುತ್ತಿನಿಂದಲೂ ಕಾಂಕ್ರೀಟನ್ನು ಬೇಗ ಬಲಿಸುವುದನ್ನು ಅಭ್ಯಸಿಸುತ್ತ, ಶಾಖ ಕಾಲಗಳ ಗುಣಲಬ್ಧವನ್ನು ಬಲದೊಡನೆ ಹೋಲಿಸಿದರು. 1951ರಲ್ಲಿ ಸಾಲ್ ಎಂಬಾತನು ಆ ಗುಣಲಬ್ಧಕ್ಕೆ ‘ಪಕ್ವತೆ’ ಎಂಬರ್ಥದ ಹೆಸರನ್ನಿತ್ತು ನಿಯಮವನ್ನು ರೂಪಿಸಿದನು: ಒಂದೇ ಬೆರಕೆಯ ಕಾಂಕ್ರೀಟುಗಳು ಸಮಾನ ಪಕ್ವತೆಯನ್ನು ಪಡೆದಾಗ, ಕಾಲವೆಷ್ಟೇ ಹಿಡಿದಿರಲಿ, ಅವುಗಳ ಬಲವು ಹೆಚ್ಚುಕಡಿಮೆ ಸಮಾನ.

ನಿಯಮವು ಗ್ರಂಥಸ್ಥವಾದುದರಿಂದಲೇ ಕಾರ್ಯಕ್ಷೇತ್ರಕ್ಕೆ ಇಳಿಯಲಿಲ್ಲ. 1973ರ ಮಾರ್ಚ್ 2ರಂದು ಅಮೆರಿಕದ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಕಟ್ಟುತ್ತಿದ್ದ ಬಹು ಅಂತಸ್ತಿನ ಕಟ್ಟಡವೊಂದು ಮೇಲಿನಿಂದ ನೆಲದವರೆಗೆ ಕುಸಿದು 14 ಮಂದಿ ಕೆಲಸಗಾರರು ಮೃತರಾದರು. 34 ಮಂದಿ ಗಾಯಗೊಂಡರು. ಆಧಾರದ ಕಂಬಗಳನ್ನು ಅಕಾಲದಲ್ಲಿ ತೆಗೆದುದೇ ಕಾರಣವಿರಬೇಕೆಂದು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯು ನಿರ್ಣಯಿಸಿತು. ಕುಸಿತವು ಮೊದಲಾದ ಅಂತಸ್ತಿನ ಕಾಂಕ್ರೀಟಿಗೆ ಆಗ ನಾಲ್ಕು ದಿನ. ಆ ದಿನಗಳ ಸರಾಸರಿ ಶಾಖವು 7 ಡಿಗ್ರಿ ಸೆಂಟಿಗ್ರೇಡು. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನಿಂದ ಶಾಖವನ್ನೆಣಿಸುವ ಸಾಲನ ಕ್ರಮದಂತೆ, ಕಾಂಕ್ರೀಟೂ ಹವೆಯಷ್ಟೇ ತಣ್ಣಗಿತ್ತೆಂದು ಹಿಡಿದರೆ, ಈ ನಾಲ್ಕು ದಿನಗಳು 20 ಡಿಗ್ರಿಯ ಎರಡೂಕಾಲು ದಿನಗಳಿಗೆ ಮಾತ್ರ ಸಮಾನ.

ಐದು ವರ್ಷಗಳ ತರುವಾಯದ ದುರಂತವು ಇನ್ನೂ ಘೋರವಾದುದು. ಪಶ್ಚಿಮ ವರ್ಜೀನಿಯಾದ ವಿಲ್ಲೋ ಐಲೆಂಡಿನಲ್ಲಿ ವಿದ್ಯುದಾಗಾರವೊಂದರ ಶೀತಲಗೋಪುರವು 166 ಅಡಿ ಎತ್ತರಕ್ಕೆ ಏರಿದ್ದಿತು. ದಿನಕ್ಕೊಂದು ಸುತ್ತಿನಂತೆ ಗೋಡೆಯು ಬೆಳೆಯುತ್ತಿತ್ತು. ಸಾರುವೆಯಾದರೋ ನೆಲದಿಂದ ಎದ್ದುದಲ್ಲ, ಆಗತಾನೆ ಕಟ್ಟಿದ ಗೋಡೆಗೇ ಬೋಲ್ಟುಗಳಿಂದ ಬಿಗಿದುದು. 1978ರ ಏಪ್ರಿಲ್ 27ರ ಬೆಳಿಗ್ಗೆ ಕಾಂಕ್ರೀಟನ್ನು ಮೇಲೆತ್ತುತ್ತಿರುವಾಗ, ಹಿಂದಿನ ದಿನ ಸುರಿದಿದ್ದ 28ನೆಯ ಸುತ್ತು ಹೊರೆಯನ್ನು ತಾಳದೆ ಬಿರಿದು, ಗೋಪುರದ ಸುತ್ತಲೂ ಕಳಚಿ ಬಿದ್ದಿತು. ಸಾರುವೆಯೊಡನೆ ಉರುಳಿ 51 ಮಂದಿ ಅಸುನೀಗಿದರು. ಅವರಲ್ಲಿ ಒಂದೇ ಕುಟುಂಬದವರು ಹಲವರಿದ್ದರು. ಆ ಕಾಂಕ್ರೀಟಿಗೆ ಒಂದೇ ದಿನದ ವಯಸ್ಸು; ಹವೆಯ ಶಾಖವು 10 ಡಿಗ್ರಿಗೆ ತುಸು ಕಡಮೆ. ಹಿಮದ ಭಯವನ್ನು ಹುಟ್ಟಿಸುವ ಚಳಿಯೇ ಇದಲ್ಲ. ಎಚ್ಚರವು ತಪ್ಪಿದುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಈ ಎರಡು ವಿಚಾರಣೆಗಳ ಪ್ರೇರಣೆಯಿಂದ ಮಾನಕ ಸಂಸ್ಥೆಯು ಪಕ್ವತೆಯ ನಿಯಮವನ್ನು ಮರಳಿ ಪರೀಕ್ಷಿಸಿತು. ಶಾಖ ಮತ್ತು ರಾಸಾಯನಿಕ ವೇಗಗಳ ಸಂಬಂಧವು ಸಾಲನ ಸರಳ ಗುಣಾಕಾರಕ್ಕಿಂತ ಸೂಕ್ಷ್ಮವಾದುದೆಂದು ಡೆನ್ಮಾರ್ಕಿನ ಫ್ರೈಸ್ಲೆಬೆನ್ ಹಾನ್ಸೆನ್ ಮತ್ತು ಪೆಡರ್ಸನ್ 1977ರಲ್ಲಿಯೇ ತೋರಿಸಿದ್ದರು. 1987ರಲ್ಲಿ ಈ ಕ್ರಮವು ಅಮೆರಿಕದಲ್ಲಿ ಶಿಷ್ಟಪದ್ಧತಿಯಾಗಿ ಪ್ರಕಟವಾಯಿತು. ಇದರಂತೆ ಉಷ್ಣಮಾಪಕವನ್ನು ಕಾಂಕ್ರೀಟಿನಲ್ಲಿಯೇ ಹುದುಗಿಸಿ, ಅದರ ಶಾಖದ ದಾಖಲೆಯಿಂದ ಬಲವನ್ನು ಅಂದಾಜು ಮಾಡುವರು. ಬೆರಕೆಯೇ ತಪ್ಪಿದ್ದರೆ ಪಕ್ವತೆಯ ಲೆಕ್ಕವು ಅದನ್ನು ಕಾಣಲಾರದು. ಆದುದರಿಂದ ಆಧಾರಗಳನ್ನು ಕಳಚುವ ಮುನ್ನ ಬೇರೊಂದು ಬಲಪರೀಕ್ಷೆಯೂ ನಡೆಯತಕ್ಕುದೆಂದು ಅದೇ ಪದ್ಧತಿಯು ಎಚ್ಚರಿಸುತ್ತದೆ.